ಮಗ್ಗದ ಗಲ್ಲಿಯ ಆತ್ಯಾ

ರುಕ್ಮವ್ವನ ಹೆಸರಿನ ಬಾಲದಲ್ಲೇ ಒಬ್ಬ ಅವ್ವ ಇದ್ದಳು. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೋರಗಾಂವದ ರೈತರ ಓಣಿಯಲ್ಲಿ ಅರ್ಧಕ್ಕರ್ಧ ಹೆಂಗಸರ ಹೆಸರು ಹಾಗೇ ಮುಗಿಯುತ್ತಿತ್ತು. ಕರೆಯುವವರಿಗೂ ಕರೆಸಿಕೊಳ್ಳುವವರಿಗೂ ಅದು ಹೆಸರಿಗೆ ಅಂಟಿಕೊಂಡ ಒಂದು ಸದ್ದು, ಅಷ್ಟೇ. ರುಕ್ಮವ್ವನಿಗೆ ಮಕ್ಕಳಿರಲಿಲ್ಲ.

ಓಣಿಯಲ್ಲಿ ಯಾರ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಗುಗ್ಗರಿ ಕುದಿಸಲು ಅವಳಿಗೇ ಕರೆ ಬರುತ್ತಿತ್ತು. ಕಡಲೆ ಬೆಂದಿರಬೇಕು, ಒಡೆದಿರಬಾರದು. ಆ ಹದ ಅವಳ ಕೈಯಲ್ಲಿತ್ತು. ಒಲೆ ಹಿತ್ತಲಲ್ಲಿರುತ್ತಿತ್ತು, ತೊಟ್ಟಿಲು ನಡುಮನೆಯಲ್ಲಿ. ಹಿತ್ತಲಿನಿಂದ ನಡುಮನೆಗೆ ಬಾ ಎಂದು ಯಾರೂ ಹೇಳುತ್ತಿರಲಿಲ್ಲ. ಬರಬೇಡ ಎಂದೂ ಹೇಳುತ್ತಿರಲಿಲ್ಲ. ಅವಳು ಹೋಗುತ್ತಿರಲಿಲ್ಲ.

ಮಗುವಿಗೆ ಹೆಸರಿಡುವುದು ಆ ಸೀಮೆಯಲ್ಲಿ ಸೋದರತ್ತೆಯ ಹಕ್ಕು. ಅವಳು ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು, ಆಮೇಲೆ ಹೆಸರು ಹೇಳಬೇಕು. ಅವಳು ಬಾಗಿದ್ದೇ ತಡ, ಹಿಂದೆ ನಿಂತ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆ. ಎಷ್ಟು ಗುದ್ದು ಬಿದ್ದರೆ ಅಷ್ಟು ನಗು. ರಾಯಬಾಗದಲ್ಲಿ ರುಕ್ಮವ್ವನ ತಮ್ಮನಿದ್ದ, ಅವನಿಗೆ ಮಕ್ಕಳಿದ್ದವು. ಪ್ರತಿ ಸಲವೂ ತೊಟ್ಟಿಲಿಗೆ ಬಾಗಿದವಳು ಅವಳ ತಂಗಿ. ಮರುದಿನ ಬರುವ ಬಸ್ಸಿನಲ್ಲಿ ತಮ್ಮ ಅಕ್ಕನಿಗೆ ಗುಗ್ಗರಿ ಕಳಿಸುತ್ತಿದ್ದ.

ಇಂಥ ರುಕ್ಮವ್ವ ೧೯೮೭ರ ಜನವರಿಯಲ್ಲಿ ಮಂಡಲ ಪಂಚಾಯಿತಿ ಚುನಾವಣೆಗೆ ನಿಂತಳು. ನಿಲ್ಲಿಸಿದವನು ಅವಳ ಭಾವ ರಾವಸಾಹೇಬ. ಗಂಡ ಧರೆಪ್ಪನ ಅಣ್ಣ, ಒಂದೇ ಅಂಗಳದ ಮನೆ, ಊರಿನಲ್ಲಿ ಪಕ್ಷವೆಂದರೆ ಅವನೇ. ಆ ಸಲ ಹೆಣ್ಣುಮಕ್ಕಳಿಗೆ ಮೀಸಲು ಸೀಟು ಬಂದಿತ್ತು. ರಾವಸಾಹೇಬನ ಹೆಂಡತಿಗೆ ಮಂಡಿನೋವು, ಸೊಸೆ ಹೊಸಬಳು.

“ರುಕ್ಮವ್ವ ನಿಂದರ್ಲಿ. ಆಕಿಗೇನ ಹಿಂದ ಮುಂದ ಜಗ್ಗೂ ಮಕ್ಕಳ ಅದಾವೇನು?” ಎಂದ ರಾವಸಾಹೇಬ. ಅದನ್ನು ಅವನು ಚುಚ್ಚಲು ಹೇಳಿರಲಿಲ್ಲ. ಅನುಕೂಲದ ಮಾತೆಂದೇ ಹೇಳಿದ್ದ.

ಕಬ್ಬು ಬೆಳೆಯುವ ರೈತರ ಓಣಿ ಪಕ್ಷದ್ದು. ಬಸದಿಯ ಸುತ್ತಲಿನ ಜೈನರ ಮನೆಗಳು ಮೊದಲಿನಿಂದಲೂ ಎದುರು ಪಕ್ಷದ ಕಡೆ. ಎರಡೂ ತಕ್ಕಡಿ ಸಮ. ಮೊದಲು ರಾವಸಾಹೇಬ ಬಸದಿಯ ಕಡೆಯವರನ್ನೇ ಒಲಿಸಿಕೊಳ್ಳಲು ಹೊರಟು ಅವರಿಗೊಂದು ಊಟ ಇಟ್ಟ. ಗಡ್ಡೆ ಬೇಡ, ಉಳ್ಳಾಗಡ್ಡಿ ಬೇಡ, ಸೂರ್ಯ ಮುಳುಗುವ ಮೊದಲು ಎಲೆ ಎತ್ತಬೇಕು ಎಂದು ಎಲ್ಲ ಗೊತ್ತಿದ್ದೇ ಮಾಡಿಸಿದ್ದ. ಆದರೆ ಊಟಕ್ಕೆ ಮೊದಲು ಭಾಷಣ ಮಾಡಬೇಕಾದ ಚಿಕ್ಕೋಡಿಯ ಮುಖಂಡರ ಕಾರು ಬಂದದ್ದು ಹೊತ್ತು ಮುಳುಗಿದ ಮೇಲೆ. ಬಂದಿದ್ದವರು ಅಷ್ಟರಲ್ಲಿ ಮೆಲ್ಲಗೆ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹಿರಿಯರಾದ ಶ್ರೀಪಾಲ ಮಾತ್ರ ಹೇಳಿ ಹೋದರು: “ರಾವಸಾಹೇಬ, ನಿಮ್ಮ ಲೀಡರು ಸೂರ್ಯಾನ್ನ ಕೇಳಿ ಬರಬೇಕಿತ್ರಿ.”

ಆಮೇಲೆ ಉಳಿದದ್ದು ಮಗ್ಗದ ಗಲ್ಲಿ.

ಅಲ್ಲಿ ಮನೆಮನೆಗೂ ಕರೆಂಟಿನ ಮಗ್ಗ. ಜನ ಮರಾಠಿಯವರು, ಹಿಂದಿನ ತಲೆಮಾರಿನಲ್ಲಿ ಇಚಲಕರಂಜಿಯ ಕಡೆಯಿಂದ ಬಂದು ನಿಂತವರು. ಪಕ್ಷದ ಕನ್ನಡ ಕರಪತ್ರ ಅಲ್ಲಿ ಎಣ್ಣೆ ಒರೆಸಲು ಬಳಕೆಯಾಯಿತು. ರಾವಸಾಹೇಬ ತಾನೇ ಹೋಗಿ ಮನೆಬಾಗಿಲಲ್ಲಿ ನಿಂತರೆ ಒಳಗಿನ ಖಟಖಟದಲ್ಲಿ ಅವನ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಮಗ್ಗ ನಿಲ್ಲಿಸಿ ಕೇಳಲು ಅವರಿಗೇನು ಗರಜು?

ಆಗ ಬಂದವನು ಉತ್ತಮ. ನಿಪ್ಪಾಣಿಯವನು. ಜೀಪಿನ ನೆತ್ತಿಗೆ ಎರಡು ಭೋಂಗಾ ಸ್ಪೀಕರು ಕಟ್ಟಿಕೊಂಡು, ಸಿನಿಮಾ, ಸರ್ಕಸ್ಸು, ಬೀಜದ ಕಂಪನಿ, ಪಕ್ಷ ಯಾವುದಾದರೂ ಸರಿ, ಎರಡು ಭಾಷೆಯಲ್ಲಿ ಕೂಗಿಕೊಂಡು ಹೋಗುವುದು ಅವನ ಕಸುಬು. ರಾವಸಾಹೇಬನ ಪಡಿಪಾಟಲು ಕೇಳಿ ಅವನು ನಕ್ಕ.

“ಕರೆಂಟ ಹ್ವಾದಾಗ ಹೋಗಬೇಕ್ರಿ. ಕರೆಂಟ ಇದ್ದಾಗ ಆ ಗಲ್ಯಾಗ ದೇವರ ಬಂದ್ರೂ ಯಾರಿಗೂ ಕೇಳೂದಿಲ್ಲ.”

ಮಧ್ಯಾಹ್ನ ಕರೆಂಟು ತೆಗೆಯುವ ಕಾಲವದು. ಮಗ್ಗಗಳು ನಿಂತು, ಗಂಡಸರು ಕಟ್ಟೆಗೆ ಬಂದು ಬೀಡಿ ಹಚ್ಚಿ, ಹೆಂಗಸರು ಕೈಕಾಲು ಚಾಚಿ ಕೂತ ಹೊತ್ತಿಗೆ ಸರಿಯಾಗಿ ಉತ್ತಮನ ಜೀಪು ಗಲ್ಲಿಗೆ ತಿರುಗುತ್ತಿತ್ತು. ಅವನಿಗೆ ಬ್ಯಾಟರಿ ಇತ್ತು. ಊರೆಲ್ಲ ಮೌನವಾದಾಗ ಅವನೊಬ್ಬನ ದನಿ. “ತುಮಚ್ಯಾ ರುಕ್ಮಾತಾಈಂನಾ ಮತ ದ್ಯಾ!”

ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ರುಕ್ಮಾತಾಈ ಎಂದರೆ ರುಕ್ಮಕ್ಕ. ಮರಾಠಿ ಗಲ್ಲಿಯಲ್ಲಿ ಪರಿಚಯವಿಲ್ಲದ ಹೆಣ್ಣುಮಗಳನ್ನು ಮರ್ಯಾದೆಯಿಂದ ಕರೆಯುವ ರೀತಿಯೇ ಅದು. ಅಲ್ಲಿ ಯಾರ ಹುಬ್ಬೂ ಏರಲಿಲ್ಲ. ಆದರೆ ಉತ್ತಮ ಹಾಗೇ ಕೂಗುತ್ತ ಮೂಲೆ ತಿರುಗಿ ರೈತರ ಓಣಿಗೆ ಬಂದ. ಭಾಷೆ ಬದಲಿಸಿದ, ಹೆಸರು ಬದಲಿಸಲು ಮರೆತ. “ನಿಮ್ಮ ರುಕ್ಮಾತಾಈಗೆ ಮತ ಕೊಡ್ರಿ!” ಭೋಂಗಾದಿಂದ ಹೊರಬಂದು ಓಣಿಯ ಕಿವಿಗೆ ಬಿದ್ದಾಗ ಅದು ತಾಯಿಯಾಗಿತ್ತು.

ರುಕ್ಮವ್ವ ಆಗ ಸಗಣಿ ಬಳಿಯುತ್ತಿದ್ದಳು. ಕೈ ನಿಂತಿತು. ಜೀಪು ಇನ್ನೊಮ್ಮೆ ಕೂಗಿತು. ಹಿಂದೆ ಓಡುತ್ತಿದ್ದ ಹುಡುಗರು ಅದನ್ನೇ ಹಾಡು ಮಾಡಿಕೊಂಡರು.

ಮರುದಿನ ಹೊಳೆಯ ಕಲ್ಲಿನ ಮೇಲೆ ಬಟ್ಟೆ ಸೆಳೆಯುವಾಗ ಕೆಂಚವ್ವ ಬಿಡಲಿಲ್ಲ. ಮೂರು ಮನೆ ಆಚೆಯವಳು, ನಾಲಿಗೆಗೆ ಹೆಸರಾದವಳು. “ಹಡೀಲಾರದ ತಾಯಿ ಆಗೂದು ಸಸಾರ ಐತಿ ನೋಡವಾ,” ಎಂದಳು, ಪಕ್ಕದವಳಿಗೆ ಹೇಳಿದಂತೆ. “ಬ್ಯಾನಿ ಇಲ್ಲ, ಸೂಲಗಿತ್ತಿ ಇಲ್ಲ. ಒಂದ ಜೀಪ ಇದ್ರ ಸಾಕು.”

ಹೊಳೆಯ ದಂಡೆಯೆಲ್ಲ ನಕ್ಕಿತು. ರುಕ್ಮವ್ವ ಹಿಂಡಿದ ಸೀರೆಯನ್ನೇ ಮತ್ತೊಮ್ಮೆ ಹಿಂಡಿದಳು.

ಅಂದು ಸಂಜೆ ಅವಳು ಸೆರಗು ಎಳೆದುಕೊಂಡು ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತು, “ಭಾವ್ರ, ಆ ಹುಡಗಗ ಹೇಳ್ರಿ,” ಎಂದಳು. “ಅಕ್ಕ ಅನ್ನಲಿ, ಬಾಯಿ ಅನ್ನಲಿ. ತಾಯಿ ಬ್ಯಾಡ.”

ಉತ್ತಮ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನಿಗೆ ಅರ್ಥವಾಗಲಿಲ್ಲ. “ಅಕ್ಕಾ ಅಂತನ ಅಂದೇನ್ರಿ ನಾನು!”

ರಾವಸಾಹೇಬನಿಗೆ ಎರಡು ಭಾಷೆಯೂ ಬರುತ್ತಿತ್ತು. ಅವನು ಮೊದಲು ನಕ್ಕ, ಆಮೇಲೆ ಬಾಗಿಲ ಮರೆಯತ್ತ ನೋಡಿ ನಗು ನಿಲ್ಲಿಸಿದ. ತೀರ್ಮಾನವಾಯಿತು. ಓಣಿಯಲ್ಲಿ ರುಕ್ಮಕ್ಕ, ಮಗ್ಗದ ಗಲ್ಲಿಯಲ್ಲಿ ರುಕ್ಮಾತಾಈ. ಉತ್ತಮ ಆಣೆ ಇಟ್ಟ. ಓಣಿಯ ಹುಡುಗರು ಮಾತ್ರ ಯಾರಿಗೂ ಆಣೆ ಇಟ್ಟಿರಲಿಲ್ಲ. ಅವಳು ಕಂಡಲ್ಲೆಲ್ಲ “ತಾಯಿ ಬಂದ್ಲು, ತಾಯಿ ಬಂದ್ಲು” ಎನ್ನುತ್ತಿದ್ದರು.

ಮಗ್ಗದ ಗಲ್ಲಿಯಿಂದ ಕರೆ ಬಂದದ್ದು ಸಂಕ್ರಮಣದ ಮರುದಿನ. ಕಮಲಾಬಾಯಿ ಎಂಬ ಮುದುಕಿ, ಎರಡು ಮಗ್ಗದ ಮನೆಯ ಯಜಮಾನಿ. ಗಲ್ಲಿಯಲ್ಲಿ ಅವಳ ಮಾತಿಗೆ ತೂಕ. ಅವಳ ಮಗನಿಗೆ ಹೆಣ್ಣು ಹುಟ್ಟಿತ್ತು, ಮಾರನೆಯ ದಿನ ಹೆಸರಿಡಬೇಕು. ಮಗನ ಸ್ವಂತ ಅಕ್ಕ ಭಿವಂಡಿಯಲ್ಲಿ, ತಾನೇ ದಿನ ತುಂಬಿದ ಬಸುರಿ, ಬರಲಾರಳು. ಜೀಪು ಗಲ್ಲಿಗೆ ಬಂದಾಗ ಮುದುಕಿ ಎದುರು ನಿಂತು ಕೈ ಅಡ್ಡ ಮಾಡಿದಳು.

“ಏ ಭೋಂಗಾವಾಲಾ! ದಿನಾ ತಾಈ ತಾಈ ಅಂತ ಒದರ್ತೀಯಲ್ಲ. ತಾಈ ಅಂದ್ರ ನನ್ನ ಮಗಗ ಅಕ್ಕ ಆದ್ಲು. ಅಕ್ಕ ಆದ್ರ ಕೂಸಿಗೆ ಆತ್ಯಾ ಆದ್ಲು. ನಾಳೆ ಬಂದು ಕೆಲಸಾ ಮಾಡ ಅನ್ನು. ಬರೇ ಮತಾ ತಗೊಂಡ ಹೋಗಾಕ ಬಂದಾಳೋ ಏನ?”

ಆತ್ಯಾ ಎಂದರೆ ಸೋದರತ್ತೆ. ಗಲ್ಲಿಯವರೆಲ್ಲ ನಕ್ಕರು, ಆದರೆ ಉತ್ತಮನ ಉತ್ತರಕ್ಕೆ ಕಾದರು.

ಉತ್ತಮ ಈ ಸುದ್ದಿ ತಂದಾಗ ರಾವಸಾಹೇಬ ಕೂತಲ್ಲಿಂದ ಎದ್ದ. ದಿನಗಟ್ಟಲೆ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡಿದ್ದ ಗಲ್ಲಿ ಈಗ ತಾನಾಗಿ ಒಳಗೆ ಕರೆಯುತ್ತಿತ್ತು. “ಬರ್ತಾಳ ಅಂತ ಹೇಳ ಬಾ,” ಎಂದ. ಆಮೇಲೆ ಒಳಗಿನ ಬಾಗಿಲ ಕಡೆ ಮುಖ ಮಾಡಿ, “ರುಕ್ಮವ್ವಾ, ಅಲ್ಲಿ ಹೋಗಿ ಮನಿ ಸುದ್ದಿ ಮಾತಾಡಬ್ಯಾಡ. ಹೆಸರಿಟ್ಟೆ, ಬಂದೆ, ಅಷ್ಟ,” ಎಂದ.

ಮನೆ ಸುದ್ದಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು.

ರೊಟ್ಟಿ ತಿನ್ನುವಾಗ ಅವಳು ಗಂಡನಿಗೆ ಹೇಳಿದಳು. ಧರೆಪ್ಪ ಮಾತು ಕಡಿಮೆಯ ಮನುಷ್ಯ. ಪೂರ್ತಿ ಕೇಳಿ, “ಹೇಳದಿದ್ರ ಏನಾಕ್ಕೈತಿ?” ಎಂದ.

“ಅವರಿಗೆ ಗೊತ್ತಿಲ್ರಿ. ನಾಳೆ ಕೂಸಿಗೆ ಒಂದ ನೆಗಡಿ ಬಂದ್ರೂ, ಬಂಜಿ ಬಂದು ತೊಟ್ಲಿಗೆ ಕೈ ಹಚ್ಚಿದ್ಲು ಅಂತ ಆಗ್ತೈತಿ. ಅದರಕಿಂತ ಮೊದಲ ಹೇಳಿ ಹೊರಗ ನಿಂದರೂದ ಚಲೋ.”

“ಹೊರಗ ನಿಂದ್ರು ಅಂದ್ರ?”

“ಅದೇನ ಹೊಸಾದ್ರಿ ನನಗ?”

ಧರೆಪ್ಪ ಇನ್ನೊಂದು ರೊಟ್ಟಿ ಮುರಿದ. “ಹಂಗಾರ ಹೇಳ. ಓಟ ಹ್ವಾದ್ರ ಅಣ್ಣಂದ ಹೋಗ್ತೈತಿ. ನಿಂದೇನ ಹೋಗೂದಿಲ್ಲ.”

ಸೋದರತ್ತೆ ಬರಿಗೈಯಲ್ಲಿ ಹೋಗುವಂತಿಲ್ಲ. ಮರುದಿನ ಬೆಳಿಗ್ಗೆ ರುಕ್ಮವ್ವ ಪೇಟೆಯಿಂದ ಹಸಿರು ಖಣದ ಬಟ್ಟೆ ತರಿಸಿ, ಮಗುವಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗಿ ಹೊಲಿದಳು. ಎಷ್ಟು ದೊಡ್ಡ ತಲೆಗೆ ಹೊಲಿಯಬೇಕೆಂದು ಅವಳಿಗೆ ಅಂದಾಜಿರಲಿಲ್ಲ. ತೆಂಗಿನಕಾಯಿಯ ಮೇಲೆ ಇಟ್ಟು ನೋಡಿದಳು.

ಮಧ್ಯಾಹ್ನ ಕರೆಂಟು ಹೋದ ಹೊತ್ತಿಗೆ ಜೀಪು ಗಲ್ಲಿಗೆ ಹೋಯಿತು. ರಾವಸಾಹೇಬ, ಉತ್ತಮ ಹೊರಗೆ ನಿಂತರು. ಕಮಲಾಬಾಯಿಯ ಮನೆಯಲ್ಲಿ ಮಗ್ಗದ ಮನೆಯೇ ದೊಡ್ಡದು. ಎರಡು ಮಗ್ಗಗಳ ನಡುವಿನ ಜಾಗದಲ್ಲಿ ತೊಲೆಗೆ ತೊಟ್ಟಿಲು ತೂಗುಹಾಕಿದ್ದರು. ಹೂವಿನ ಜತೆ ಬಣ್ಣದ ನೂಲಿನ ಎಳೆಗಳನ್ನೂ ಸುತ್ತಿದ್ದರು. ಗಲ್ಲಿಯ ಹೆಂಗಸರೆಲ್ಲ ಕೂತಿದ್ದರು.

“ಯಾ ತಾಈ, ಯಾ,” ಎಂದು ಕಮಲಾಬಾಯಿ ಕೈ ಹಿಡಿದು ಎಳೆದಳು. “ಬಾ, ಹಿಂಗ ಮುಂದ ಬಾ.”

ರುಕ್ಮವ್ವ ಮುಂದೆ ಬರಲಿಲ್ಲ. ಹೊಸ್ತಿಲಿನ ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಹೇಳಲು ಬಾಯಿ ತೆರೆದಳು. “ಆಯೀ, ನನಗ ಮಕ್ಕಳ...”

ಅಷ್ಟರಲ್ಲಿ ಕರೆಂಟು ಬಂತು. ಅಂದು ಅದು ಯಾಕೋ ಬೇಗ ಬಂತು. ಗಲ್ಲಿಯ ಮಗ್ಗಗಳೆಲ್ಲ ಒಂದೇ ಸಲ ಎದ್ದವು. ಈ ಮನೆಯ ಎರಡೂ ಮಗ್ಗಗಳ ಸ್ವಿಚ್ಚು ಆರಿಸಿರಲಿಲ್ಲ. ತೊಟ್ಟಿಲಿನ ಎರಡೂ ಕಡೆ ಲಾಳಿ ಓಡತೊಡಗಿತು. ರುಕ್ಮವ್ವನ ತುಟಿಗಳು ಆಡಿದವು, ಮಾತು ಪೂರ್ತಿಯಾಯಿತು, ಒಬ್ಬರ ಕಿವಿಗೂ ಬೀಳಲಿಲ್ಲ. ಹೆಂಗಸರು ತಲೆಯಾಡಿಸಿ ನಕ್ಕರು. ಅವಳೇನೋ ಹರಸಿದಳೆಂದು ತಿಳಿದರು.

ಪಕ್ಕದ ಕಿಟಕಿಯ ಆಚೆಯಿಂದ ರಾವಸಾಹೇಬ ಅವಳ ತುಟಿ ಓದಿದ್ದ. ಅವನು ಕಣ್ಣಲ್ಲೇ ಸನ್ನೆ ಮಾಡಿದ. ಹೇಳಿದೆಯಲ್ಲ, ಮುಗಿಯಿತು, ಹೋಗು ಮುಂದೆ.

ಹೇಳಿದ್ದಂತೂ ನಿಜ. ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ಹೇಳಿದ್ದೇನೆ ಎನ್ನಬಹುದಿತ್ತು. ರುಕ್ಮವ್ವ ಒಂದು ಗಳಿಗೆ ತೊಟ್ಟಿಲನ್ನು ನೋಡಿದಳು. ಆಮೇಲೆ ಕಮಲಾಬಾಯಿಯ ಹೆಗಲ ಮೇಲೆ ಕೈಯಿಟ್ಟು, ಬಾಗಿ, ಅವಳ ಕಿವಿಗೆ ಬಾಯಿ ಹಚ್ಚಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.

ಕಮಲಾಬಾಯಿ ನೇರವಾಗಿ ನಿಂತು ಅವಳ ಮುಖ ನೋಡಿದಳು. ಹಣೆಯ ಕುಂಕುಮ ನೋಡಿದಳು, ಕಂಕುಳಲ್ಲಿದ್ದ ಹಸಿರು ಕುಂಚಿಗಿ ನೋಡಿದಳು. ಆಮೇಲೆ ತಾನೂ ಅವಳ ಕಿವಿಗೆ ಬಾಯಿ ತಂದಳು. ಮುಂದಿನದು ಇಬ್ಬರ ನಡುವೆಯೇ ನಡೆಯಿತು, ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ.

“ಆತ್ಯಾ ಆಗಾಕ ಮಕ್ಕಳ ಯಾಕ ಬೇಕ? ತಮ್ಮ ಒಬ್ಬ ಇದ್ರ ಸಾಕಲ್ಲ.”

“ತಮ್ಮ ಅದಾನ್ರಿ. ಅವ ಕರೀಲಿಲ್ಲ.”

“ಇವ ಕರದಾನ. ಬಾ.”

ಮುದುಕಿ ತಿರುಗಿ ಮಗನಿಗೆ ಕೈ ಮಾಡಿದಳು. ಅವನು ಎರಡೂ ಮಗ್ಗ ಆರಿಸಿದ. ಪಕ್ಕದ ಮನೆಯ ಸದ್ದು ಇನ್ನೂ ಗೋಡೆಯನ್ನು ನಡುಗಿಸುತ್ತಿತ್ತು. ಅವನು ಹೊರಗೆ ಹೋಗಿ ಏನೋ ಕೂಗಿದ. ಪಕ್ಕದ ಮಗ್ಗ ನಿಂತಿತು, ಅದರಾಚೆಯದು, ಎದುರು ಸಾಲಿನದು. ಕರೆಂಟಿದ್ದೂ ಮಗ್ಗ ನಿಲ್ಲಿಸುವುದು ಆ ಗಲ್ಲಿಯಲ್ಲಿ ಸಾವಿಗೆ ಬಿಟ್ಟರೆ ಇನ್ನಾವುದಕ್ಕೂ ಇರಲಿಲ್ಲ.

ರುಕ್ಮವ್ವ ತೊಟ್ಟಿಲಿಗೆ ಬಾಗಿದಳು. ಕುಂಚಿಗಿ ದೊಡ್ಡದಾಗಿತ್ತು; ಮಗುವಿನ ಮುಖ ಅದರೊಳಗೆ ಹೂತುಹೋಯಿತು. ಅವಳು ಬಟ್ಟೆಯನ್ನು ಬೆರಳಿನಿಂದ ಸರಿಸಿ ಕಿವಿ ಹುಡುಕಿದಳು. “ಕುರ್ರ್” ಎಂದಳು. ಹೆಸರು ಸೋನಾಲಿ ಎಂದು ಮೊದಲೇ ಹೇಳಿಕೊಟ್ಟಿದ್ದರು, ಆದರೆ ಅದನ್ನು ಹೇಳುವ ಮೊದಲೇ ಬೆನ್ನಿಗೆ ಮೊದಲ ಗುದ್ದು ಬಿತ್ತು. ಆಮೇಲೆ ಎಣಿಸಲು ಆಗದಷ್ಟು. ದಿನವಿಡೀ ನೂಲು ಕಟ್ಟಿ, ನೂಲು ಸುತ್ತಿದ ಉರುಳೆ ಎತ್ತಿ ಗಟ್ಟಿಯಾದ ಕೈಗಳು. ಅವಳು “ಸೋ...” ಎಂದು ನಿಂತಳು, ಮತ್ತೆ “ಸೋ...” ಎಂದಳು.

“ತಾಈ, ಹೆಸರ ಅರ್ಧಾ ಆತು!” ಎಂದು ಯಾರೋ ಕೂಗಿದರು. ಹೊರಗೆ ನಿಂತಿದ್ದ ಗಂಡಸರಿಗೂ ನಗು ಕೇಳಿಸಿತು.

ಹಿಂದಿರುಗುವಾಗ ಜೀಪಿನಲ್ಲಿ ರಾವಸಾಹೇಬ ಕೇಳಿದ. “ಕಿವ್ಯಾಗ ಹೇಳೇಬಿಟ್ಟಿ?”

“ಹೂಂನ್ರಿ.”

“ಏನಂದ್ಲು ಮುದಿಕಿ?”

ರುಕ್ಮವ್ವ ಸೆರಗಿನೊಳಗಿಂದ, “ಬೆನ್ನ ಭಾಳ ನೋಯಾಕತ್ತೈತ್ರಿ ಭಾವ್ರ,” ಎಂದಳು.

ಮನೆಯಲ್ಲಿ ಧರೆಪ್ಪ ಅವಳ ಬೆನ್ನು ನೋಡಿದ. ಎಣ್ಣೆಯ ಬಟ್ಟಲು ತಂದು ಅವಳ ಹಿಂದೆ ಕೂತ. ಹಚ್ಚುತ್ತ, “ಯಾರ ಹೊಡದ್ರು?” ಎಂದ.

“ನನ್ನ ಓಟದವ್ರು,” ಎಂದಳು ರುಕ್ಮವ್ವ. ನಗಲು ಹೋದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ಧರೆಪ್ಪ ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

ಅವಳು ಗೆದ್ದಳು. ಮಗ್ಗದ ಗಲ್ಲಿಯ ಮತಪೆಟ್ಟಿಗೆ ತೆರೆದ ಮೇಲೆ ಎಣಿಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೆಲುವಿನ ಸಭೆಗೆ ಚಿಕ್ಕೋಡಿಯ ಮುಖಂಡರು ಹೊತ್ತಿಗೆ ಸರಿಯಾಗಿ ಬಂದು, ಪಕ್ಷದ ತತ್ವ ಸಮಾಜದ ಎಲ್ಲ ವರ್ಗಗಳನ್ನೂ ತಲುಪಿದೆ ಎಂದರು. ರಾವಸಾಹೇಬ ಚಪ್ಪಾಳೆ ತಟ್ಟಿದ.

ಮಂಡಲ ಪಂಚಾಯಿತಿಯಲ್ಲಿ ರುಕ್ಮವ್ವ ದೊಡ್ಡದೇನೂ ಮಾಡಲಿಲ್ಲ. ಗಂಡಸರು ಮಾತಾಡುತ್ತಿದ್ದರು, ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಒಂದು ಸಲ ಮಾತ್ರ ಒತ್ತಲಿಲ್ಲ. ಮಗ್ಗದ ಗಲ್ಲಿಗೆ ನೀರಿನ ನಳ ಹಾಕಿಸುವುದನ್ನು ಠರಾವಿನಲ್ಲಿ ಬರೆದುಕೊಂಡ ಮೇಲೆ ಒತ್ತುತ್ತೇನೆ ಎಂದಳು. ಬರೆದುಕೊಂಡರು. ಆ ಗಲ್ಲಿಗೆ ಅವಳು ಆಗಾಗ ಹೋಗುತ್ತಿದ್ದಳು, ಜೀಪಿಲ್ಲದೆ, ಕರೆಂಟು ಇದ್ದಾಗಲೂ. ಸೋನಾಲಿಗೆ ಹಲ್ಲು ಬಂತು, ನಡಿಗೆ ಬಂತು. ಒಂದು ಮಳೆಗಾಲ ಕಡುಜ್ವರವೂ ಬಂತು. ಆಗ ರುಕ್ಮವ್ವ ನಾಲ್ಕು ದಿನ ಆ ಕಡೆ ಸುಳಿಯಲಿಲ್ಲ. ಐದನೆಯ ದಿನ ಕಮಲಾಬಾಯಿಯೇ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ರೈತರ ಓಣಿಗೆ ಬಂದಳು. “ಜ್ವರಾ ಇಳದೈತಿ. ಈಗ ರೊಕ್ಕಾ ಕೊಟ್ಟು ಆತ್ಯಾನ್ನ ತರಬೇಕೇನ?” ಎಂದು ಅಂಗಳದಲ್ಲಿ ನಿಂತು ಜೋರಾಗಿ ಕೇಳಿದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಕೆಂಚವ್ವನೂ ನೋಡಿದಳು.

ರಾವಸಾಹೇಬನಿಗೆ ಮೊಮ್ಮಗ ಹುಟ್ಟಿದ್ದು ೧೯೮೯ರಲ್ಲಿ. ತೊಟ್ಟಿಲು ಅದೇ ಅಂಗಳದ ಮನೆಯ ನಡುಮನೆಯಲ್ಲಿ. ಒಲೆ ಎಂದಿನಂತೆ ಹಿತ್ತಲಲ್ಲಿ, ಒಲೆಯ ಮುಂದೆ ಎಂದಿನಂತೆ ರುಕ್ಮವ್ವ. ಮಂಡಲ ಪಂಚಾಯಿತಿಯ ಸದಸ್ಯೆಯಾದರೂ ಗುಗ್ಗರಿಯ ಹದ ಬೇರೆ ಯಾರಿಗೂ ಬಂದಿರಲಿಲ್ಲ.

ಮಗುವಿನ ಸೋದರತ್ತೆ, ರಾವಸಾಹೇಬನ ಮಗಳು ಸಾವಂತ್ರಿ, ಕಾಗವಾಡದಿಂದ ಬಂದಿದ್ದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಬಂದಳು.

“ಚಿಗವ್ವಾ, ಏಳ.”

“ಯಾಕ ಬೇ? ಇನ್ನೊಂದ ಕುದಿ ಬರಬೇಕು.”

“ನಾ ಕುರ್ರ್ ಅನ್ನಾಕ ಬಾಗಾಕಿ. ನನ್ನ ಬೆನ್ನಿಗೆ ಹೊಡ್ಯಾಕ ಬಾ.”

ರುಕ್ಮವ್ವ ಸೌಟು ಹಿಡಿದೇ ಇದ್ದಳು. “ಒಳಗ ಅಷ್ಟ ಮಂದಿ ಅದಾರಲ್ಲ.”

“ಅವರಿಗೆ ಹೊಡ್ಯಾಕ ಬರೂದಿಲ್ಲ. ನೀ ಮಗ್ಗದ ಗಲ್ಯಾಗ ತಿಂದು ಕಲ್ತೀಯಲ್ಲ.” ಸಾವಂತ್ರಿ ಅವಳ ಕೈಯಿಂದ ಸೌಟು ಕಿತ್ತು ಕಟ್ಟೆಯ ಮೇಲಿಟ್ಟಳು.

ನಡುಮನೆಯಲ್ಲಿ ಹೆಂಗಸರು ಸರಿದು ಜಾಗ ಬಿಟ್ಟರು. ಒಬ್ಬಿಬ್ಬರು ಮುಖ ನೋಡಿಕೊಂಡರು. ಪಡಸಾಲೆಯಲ್ಲಿ ಕೂತಿದ್ದ ರಾವಸಾಹೇಬ ಕತ್ತು ತಿರುಗಿಸಿದ, ಬಾಯಿ ತೆರೆದ, ಮತ್ತೆ ಎಲೆ ಅಡಿಕೆಯ ತಟ್ಟೆಯ ಕಡೆ ಬಾಗಿದ. ಸಾವಂತ್ರಿ ತೊಟ್ಟಿಲಿಗೆ ಬಾಗಿದಳು. ರುಕ್ಮವ್ವ ಕೈಯೆತ್ತಿ, ಸೀರೆಯ ಮೇಲಿನ ಧೂಳು ಕೊಡವಿದಷ್ಟು ಮೆತ್ತಗೆ ಒಂದು ಹೊಡೆದಳು.

ಸಾವಂತ್ರಿ ಬಾಗಿದಲ್ಲಿಂದಲೇ ಕತ್ತು ಹೊರಳಿಸಿದಳು. “ಜೋರ ಹೊಡಿ ಚಿಗವ್ವಾ! ಓಟ ಕೇಳಾಕ ಬಂದಂಗ ಮಾಡಬ್ಯಾಡ.”

ರುಕ್ಮವ್ವ ಹೊಡೆದಳು. ಪಕ್ಕದಲ್ಲಿ ನಿಂತಿದ್ದ ಕೆಂಚವ್ವನೂ ಹೊಡೆದಳು. ಇಬ್ಬರ ಕೈ ಒಂದೇ ಬೆನ್ನಿನ ಮೇಲೆ ಡಿಕ್ಕಿ ಹೊಡೆದು ಬಳೆ ಒಡೆಯಿತು. ಯಾರದೆಂದು ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ.

ಹಿತ್ತಲಲ್ಲಿ ಗುಗ್ಗರಿ ತಳ ಹಿಡಿಯಿತು. ಅಂದು ಓಣಿಯವರೆಲ್ಲ ಸ್ವಲ್ಪ ಸೀದ ಗುಗ್ಗರಿಯನ್ನೇ ತಿಂದರು.